ಕೋವಿಯ ಬಾಯಿಗೆ ಕಚ್ಚಿಕೊಂಡ ಬಳೆ

ಓದುಗರ ಪ್ರಶ್ನೆ, ಕಾರ್ಯಾಗಾರದ ಉತ್ತರ

ಪ್ರಶ್ನೆ: ನಾನು ಮೂಲತಃ ಸಾಗರ ತಾಲ್ಲೂಕಿನವನು, ಹನ್ನೆರಡು ವರ್ಷಗಳಿಂದ ಅಮೆರಿಕದ ಒಹಾಯೊ ರಾಜ್ಯದಲ್ಲಿ ನೆಲೆಸಿದ್ದೇನೆ. ಕಳೆದ ಚಳಿಗಾಲದಲ್ಲಿ ಪರಿಚಿತರೊಬ್ಬರಿಂದ .22 ಬೋರಿನ ಬೋಲ್ಟ್ ಆ್ಯಕ್ಷನ್ ರೈಫಲ್ ಒಂದನ್ನು ಕೊಂಡೆ. ಅದರ ನಳಿಗೆಯ ತುದಿಯಲ್ಲಿ ಥ್ರೆಡ್ (ಸೈಲೆನ್ಸರಿನಂಥದನ್ನು ಕೂರಿಸಲು ಕೊರೆದ ತಿರುಪಿನ ಸುತ್ತು) ಕಾಯುವುದಕ್ಕೆಂದು ಒಂದು ಕಪ್ಪು ಉಕ್ಕಿನ ಬಳೆಯನ್ನು ತಿರುಗಿಸಿ ಕೂರಿಸಿದ್ದಾರೆ. ಬಳೆಯೂ ನಳಿಗೆಯೂ ಸೇರುವ ಸಂದಿನಲ್ಲಿ ತುಕ್ಕಿನ ಸಣ್ಣ ಗೆರೆ ಕಾಣಿಸಿದ್ದರಿಂದ ಅದನ್ನು ಬಿಚ್ಚಿ ಒರೆಸೋಣವೆಂದು ಹೊರಟರೆ ಬಳೆ ಕದಲುವುದೇ ಇಲ್ಲ. ಇಕ್ಕಳ ಹಾಕಿ ತಿರುಗಿಸಿದಾಗ ಅದರ ಮೇಲಿನ ಗೀರುಗಳು ಸವೆದುಹೋದವೇ ಹೊರತು ಬಳೆ ಸುತ್ತಲಿಲ್ಲ. ಗ್ಯಾಸ್ ಟಾರ್ಚಿನಿಂದ ಕಾಯಿಸು ಎಂದು ಒಬ್ಬ ಗೆಳೆಯ, ಇಡೀ ರಾತ್ರಿ ಫ್ರೀಜರಿನಲ್ಲಿಡು ಎಂದು ಇನ್ನೊಬ್ಬ ಹೇಳುತ್ತಿದ್ದಾರೆ. ನಳಿಗೆಗೆ ಹಾನಿಯಾಗದಂತೆ ಇದನ್ನು ತೆಗೆಯುವುದು ಹೇಗೆ?
— ಓದುಗರೊಬ್ಬರು, ಒಹಾಯೊ

ಉತ್ತರ: ಇಕ್ಕಳ ಜಾರಿದ ಮೇಲೆ ಕೈ ತಡೆದು ನೀವು ಪತ್ರ ಬರೆದದ್ದು ಒಳ್ಳೆಯದಾಯಿತು. ಇಂಥ ಬಳೆ ಹಾಳಾಗುವುದು ಸಾಮಾನ್ಯವಾಗಿ ತುಕ್ಕಿನಿಂದಲ್ಲ, ತುಕ್ಕಿನ ಮೇಲೆ ನಾವು ತೋರಿಸುವ ಸಿಟ್ಟಿನಿಂದ. ಹೊಸ ಬಳೆಯ ಬೆಲೆ ನಿಮ್ಮಲ್ಲಿ ಹತ್ತರಿಂದ ಇಪ್ಪತ್ತು ಡಾಲರ್ ಇರಬಹುದು; ನಳಿಗೆಯ ಬೆಲೆ ಅದರ ಹತ್ತಾರು ಪಟ್ಟು. ಮುಂದೆ ಹೇಳುವ ಪ್ರತಿಯೊಂದು ಹಂತದಲ್ಲೂ ಏನನ್ನಾದರೂ ಕಳೆದುಕೊಳ್ಳಲೇಬೇಕಾದರೆ ಬಳೆಯನ್ನು ಕಳೆದುಕೊಳ್ಳಿ, ನಳಿಗೆಯನ್ನಲ್ಲ. ಬೆರಳು ಊದಿ ಉಂಗುರ ಸಿಕ್ಕಿಕೊಂಡಾಗ ಅಕ್ಕಸಾಲಿಗರು ಯಾವುದನ್ನು ಕತ್ತರಿಸುತ್ತಾರೆಂಬುದು ನಿಮಗೆ ಗೊತ್ತೇ ಇದೆ.

ಮೊದಲು ಸುರಕ್ಷತೆಯ ಮಾತು. ಮ್ಯಾಗಜೀನ್ ತೆಗೆದು, ಬೋಲ್ಟನ್ನು ಪೂರ್ತಿಯಾಗಿ ಹೊರಗೆಳೆದು, ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ಎಂದು ನೋಡಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಬೋಲ್ಟ್ ಕೋವಿಯಿಂದ ಹೊರಬಂದು ಮೇಜಿನ ಮೇಲೆ ಕಣ್ಣೆದುರಿಗೆ ಇರುವ ತನಕ ನಳಿಗೆಯ ಬಾಯಿಯ ಮುಂದೆ ಕೈಯನ್ನಾಗಲಿ ಮುಖವನ್ನಾಗಲಿ ತರಬಾರದು. ಆಮೇಲೆ ದೂರದರ್ಶಕ ಇದ್ದರೆ ಬಿಚ್ಚಿಡಿ. ಮರದ ಹಿಡಿಯಿಂದಲೂ ನಳಿಗೆಯನ್ನು ಬೇರ್ಪಡಿಸಿಕೊಳ್ಳಿ. ಎಣ್ಣೆ ಮರಕ್ಕೆ ಇಳಿದರೆ ಮರ ಮೆತ್ತಗಾಗುತ್ತದೆ, ಬಿಸಿ ತಾಕಿದರೆ ಮೆರುಗು ಹೋಗುತ್ತದೆ.

ಇಕ್ಕಳದಿಂದ ಬಳೆ ಏಕೆ ಬರಲಿಲ್ಲ ಎಂಬುದನ್ನು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಬಳೆಯ ಗೋಡೆ ತೆಳು. ಹೆಚ್ಚೆಂದರೆ ಎರಡು ಮೂರು ಮಿಲಿಮೀಟರ್. ಇಕ್ಕಳ ಅದನ್ನು ಎರಡೇ ಕಡೆಯಿಂದ ಹಿಂಡುವುದರಿಂದ ದುಂಡಗಿನ ಬಳೆ ಕೂದಲೆಳೆಯಷ್ಟು ಮೊಟ್ಟೆಯಾಕಾರಕ್ಕೆ ತಿರುಗಿ ಒಳಗಿನ ಥ್ರೆಡ್ಡನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ನೀವು ಜೋರಾಗಿ ಹಿಂಡಿದಷ್ಟೂ ಅದೂ ಜೋರಾಗಿ ಹಿಡಿಯುತ್ತದೆ. ಬಳೆಯನ್ನು ಸುತ್ತಲೂ ಸಮನಾಗಿ ಹಿಡಿಯುವ ಸಾಧನ ಬೇಕು: ಕಾರಿನ ಆಯಿಲ್ ಫಿಲ್ಟರ್ ಬಿಚ್ಚಲು ಬಳಸುವಂಥ ರಬ್ಬರ್ ಪಟ್ಟಿಯ ಸ್ಪ್ಯಾನರಿನ ಚಿಕ್ಕ ಗಾತ್ರದ್ದು. ಬಳೆಯಲ್ಲಿ ಎದುರುಬದುರಾಗಿ ಎರಡು ಚಪ್ಪಟೆ ಮುಖಗಳನ್ನು ಅರೆದಿದ್ದರೆ ಅವಕ್ಕೆ ಸರಿಯಾಗಿ ಕೂರುವ ಅಳತೆಯ ಸ್ಪ್ಯಾನರ್ ಎಲ್ಲಕ್ಕಿಂತ ಒಳ್ಳೆಯದು. ಪೈಪ್ ರಿಂಚಿನ ಹತ್ತಿರವೂ ಹೋಗಬೇಡಿ.

ಎರಡನೆಯದು ದಿಕ್ಕು. ಇಲ್ಲಿ ಕೈಪಳಗಿದವರೂ ಎಡವುತ್ತಾರೆ. ಅಮೆರಿಕದ .22 ರೈಫಲುಗಳಲ್ಲಿ ಸಾಮಾನ್ಯವಾಗಿ ಇರುವುದು ಅರ್ಧ ಅಂಗುಲ ವ್ಯಾಸದ, ಅಂಗುಲಕ್ಕೆ 28 ಸುತ್ತಿನ ಬಲಗೈ ಥ್ರೆಡ್. ಯುರೋಪಿನಿಂದ ಬಂದ ಹಲವು.22ಗಳಲ್ಲಿ ಅದೇ ವ್ಯಾಸಕ್ಕೆ ಅಂಗುಲಕ್ಕೆ 20 ಸುತ್ತು; .30 ವರ್ಗದ ದೊಡ್ಡ ರೈಫಲುಗಳಲ್ಲಿ ಐದು ಎಂಟಾಂಶ ಅಂಗುಲ ವ್ಯಾಸಕ್ಕೆ 24 ಸುತ್ತು. ಇವೆಲ್ಲ ಬಲಗೈ ಥ್ರೆಡ್ಡುಗಳು. ಬಾಯಿಯ ಎದುರಿನಿಂದ ನೋಡಿದರೆ ಅಪ್ರದಕ್ಷಿಣವಾಗಿ ತಿರುಗಿಸಿದಾಗ ಬಿಚ್ಚುತ್ತವೆ. ಆದರೆ ಕೋವಿಯನ್ನು ಮೇಜಿನ ಮೇಲಿಟ್ಟು ಹಿಡಿಯ ಕಡೆಯಿಂದ ನೋಡುತ್ತಾ ಕೆಲಸ ಮಾಡುವವರಿಗೆ ಅದೇ ತಿರುವು ಪ್ರದಕ್ಷಿಣೆಯಾಗಿ ಕಾಣುತ್ತದೆ. ಅವರು ಬಿಚ್ಚುತ್ತಿದ್ದೇವೆಂದುಕೊಂಡು ಬಿಗಿಯುತ್ತಿರುತ್ತಾರೆ. ಹಳೆಯ ಎಕೆಎಂ ಮಾದರಿಯ ಬಂದೂಕುಗಳಲ್ಲಿ ಮಾತ್ರ 14 ಮಿಲಿಮೀಟರ್ ವ್ಯಾಸದ ಎಡಗೈ ಥ್ರೆಡ್ ಇರುತ್ತದೆ, ಅದು ಉಲ್ಟಾ ಬಿಚ್ಚುತ್ತದೆ. ನಿಮ್ಮದು ಆ ಜಾತಿಯದಲ್ಲ. ಬಳೆಯ ಮೇಲೆ ಸುಣ್ಣದ ಕಡ್ಡಿಯಿಂದ ಬಾಣದ ಗುರುತು ಹಾಕಿಕೊಂಡರೆ ಬಲ ಹಾಕುವ ಹೊತ್ತಿನಲ್ಲಿ ಗೊಂದಲವಾಗದು.

ಮೂರನೆಯದು ಹಿಡಿತ. ಮರದ ಹಿಡಿಯನ್ನೋ ಆ್ಯಕ್ಷನನ್ನೋ (ಬೋಲ್ಟ್ ಕೂರುವ ಲೋಹದ ಭಾಗ) ವೈಸಿನಲ್ಲಿ ಬಿಗಿದು ತುದಿಯಲ್ಲಿ ತಿರುಗಿಸಿದರೆ ಆ ತಿರುವಿನ ಬಲವೆಲ್ಲ ನಳಿಗೆಯ ಉದ್ದಕ್ಕೂ ಹಾದು ಅದರ ಬುಡದ ಜೋಡಣೆಗೆ ಬೀಳುತ್ತದೆ, ಎಷ್ಟೋ.22 ರೈಫಲುಗಳಲ್ಲಿ ನಳಿಗೆಯನ್ನು ಅಲ್ಲಿ ಪಿನ್ನಿನಿಂದಲೋ ಸಣ್ಣ ಸ್ಕ್ರೂಗಳಿಂದಲೋ ಕೂರಿಸಿರುತ್ತಾರೆ. ಬಳೆ ಬಿಚ್ಚುವ ಬದಲು ನಳಿಗೆಯೇ ಅಲುಗಾಡೀತು. ಆದ್ದರಿಂದ ಬಳೆಯಿಂದ ಎರಡು ಅಂಗುಲ ಹಿಂದೆ, ನಳಿಗೆಯನ್ನೇ ಹಿಡಿಯಬೇಕು. ಗಟ್ಟಿ ಮರದ ತುಂಡೊಂದರಲ್ಲಿ ನಳಿಗೆಯ ವ್ಯಾಸಕ್ಕಿಂತ ಕೂದಲಷ್ಟು ಕಡಿಮೆ ಅಳತೆಯ ತೂತು ಕೊರೆದು, ತೂತಿನ ನಡುವೆಯೇ ಗರಗಸ ಹಾಯಿಸಿ ಎರಡು ಹೋಳು ಮಾಡಿ. ಆ ಹೋಳುಗಳ ಒಳಮೈಗೆ ರಾಳದ ಪುಡಿ ಸವರಿ, ನಡುವೆ ನಳಿಗೆಯನ್ನಿಟ್ಟು ವೈಸಿನಲ್ಲಿ ಬಿಗಿದರೆ ಗೀರೂ ಬೀಳದು, ಜಾರುವುದೂ ಇಲ್ಲ. ನಮ್ಮಲ್ಲಿ ಗ್ರಂದಿಗೆ ಅಂಗಡಿಯಲ್ಲಿ ಸಿಗುವ ರಾಳ ನಿಮ್ಮಲ್ಲಿ ಪಿಟೀಲು ಮಾರುವ ಅಂಗಡಿಯಲ್ಲಿ ಸಿಕ್ಕೀತು, ವಸ್ತು ಒಂದೇ.

ಇನ್ನು ಮುಖ್ಯ ವಿಷಯ: ಬಳೆಯನ್ನು ಹಿಡಿದಿರುವುದು ಯಾವುದು? ಇದನ್ನು ಗುರುತಿಸದೆ ಮದ್ದು ಕೊಡಹೋಗುವುದರಿಂದಲೇ ನಿಮ್ಮ ಗೆಳೆಯರಿಬ್ಬರೂ ಎರಡು ದಿಕ್ಕಿಗೆ ಎಳೆಯುತ್ತಿರುವುದು. ಹಿಡಿಯುವ ವಸ್ತು ತುಕ್ಕಾಗಿರಬಹುದು, ಗುಂಡಿನ ಕಿಟ್ಟವಾಗಿರಬಹುದು, ಥ್ರೆಡ್ಡಿಗೆ ಹಾಕುವ ಅಂಟಾಗಿರಬಹುದು, ಅಲ್ಯೂಮಿನಿಯಂ ಬಳೆಯಾದರೆ ಎರಡು ಲೋಹಗಳ ನಡುವೆ ಹುಟ್ಟಿದ ಬಿಳಿ ಪುಡಿಯಾಗಿರಬಹುದು. ತುಕ್ಕಿಗೆ ಕೆಲಸ ಮಾಡುವ ಎಣ್ಣೆ ಅಂಟಿಗೆ ಕೆಲಸ ಮಾಡುವುದಿಲ್ಲ; ಒಂದು ಅಂಟಿಗೆ ಕೆಲಸ ಮಾಡುವ ಬೆಂಕಿ ಇನ್ನೊಂದು ಅಂಟಿಗೆ ಏನೂ ಮಾಡದು.

ಒಂದು ಭೂತಗನ್ನಡಿ, ಒಂದು ಆಯಸ್ಕಾಂತ ಮತ್ತು ಒಳ್ಳೆಯ ಬೆಳಕು ಇದ್ದರೆ ಸಾಕು. ಆಯಸ್ಕಾಂತ ಬಳೆಗೆ ಕಚ್ಚಿದರೆ ಅದು ಉಕ್ಕು. ಸಂದಿನಲ್ಲಿ ಕಂದು ಬಣ್ಣದ ಗೆರೆ ಇದ್ದರೆ ತುಕ್ಕು. ಬಾಯಿಯ ಕಡೆಯಿಂದ ನೋಡಿದಾಗ ಬಳೆಯ ಒಳಅಂಚಿಗೂ ನಳಿಗೆಯ ಮುಖಕ್ಕೂ ನಡುವೆ ಕಪ್ಪು ಅಥವಾ ಸೀಸದ ಬಣ್ಣದ ಗಟ್ಟಿ ಪದರ ಕಟ್ಟಿದ್ದರೆ ಅದು ಕಿಟ್ಟ. .22 ತೋಟಾದಲ್ಲಿ ಇದು ಹೆಚ್ಚು, ಏಕೆಂದರೆ ಅದರ ಗುಂಡು ಬಹುಮಟ್ಟಿಗೆ ತಾಮ್ರದ ಕವಚವಿಲ್ಲದ ಬರೀ ಸೀಸ, ಮೇಲೆ ಮೇಣ ಸವರಿರುತ್ತಾರೆ. ಸೀಸ, ಮೇಣ, ಮಸಿ ಮೂರೂ ಸೇರಿ ಸಂದಿಗೆ ಇಳಿದು ಕಲ್ಲಿನಂತೆ ಕೂರುತ್ತವೆ. ಸಂದಿನಲ್ಲಿ ನೀಲಿ ಅಥವಾ ಕೆಂಪು ಗೋಂದಿನಂಥ ಎಳೆ ಕಂಡರೆ ಲಾಕ್‌ಟೈಟ್ ಜಾತಿಯ ಅಂಟು. ಗುಂಡು ಹಾರಿಸುವಾಗ ಬಳೆ ಸಡಿಲವಾಗಿ ಉದುರುತ್ತದೆಂದು ಕೆಲವರು ಇದನ್ನು ಹಾಕುತ್ತಾರೆ. ಬೂದಿಬಣ್ಣದ, ಉಗುರಿಗೆ ಪುಡಿಯಾಗುವ ಗಾರೆಯಂಥದ್ದು ಕಂಡರೆ ರಾಕ್‌ಸೆಟ್ ಎಂಬ ಪಿಂಗಾಣಿ ಜಾತಿಯ ಅಂಟು ಇರಬಹುದು.

ನಿಮ್ಮ ವಿವರಣೆಯಂತೆ ಬಳೆ ಉಕ್ಕಿನದು, ಸಂದಿನಲ್ಲಿ ತುಕ್ಕಿದೆ, ರೈಫಲ್ .22 ಬೋರಿನದು. ತುಕ್ಕು ಮತ್ತು ಕಿಟ್ಟ ಎಂದೇ ನನ್ನ ಊಹೆ. ಹಾಗಾದರೆ ಮೊದಲ ಮದ್ದು ಎಣ್ಣೆ, ಅದಕ್ಕಿಂತ ಮುಖ್ಯವಾಗಿ ಕಾಲ. ನಳಿಗೆಯನ್ನು ಬಾಯಿ ಕೆಳಗಾಗಿ ನಿಲ್ಲಿಸಿ. ಎಣ್ಣೆ ಹಿಂದಕ್ಕೆ ಹರಿದು ತೋಟಾ ಕೂರುವ ಕೋಣೆಗೆ ಸೇರಬಾರದು. ಚಿಕ್ಕ ಬಟ್ಟಲಲ್ಲಿ ಬಳೆ ಮುಳುಗುವಷ್ಟು ತೂರುವ ಎಣ್ಣೆ ಹಾಕಿ, ಬಳೆಯ ಹಿಂದಿನ ಸಂದಿಗೂ ದಿನಕ್ಕೆ ಎರಡು ಬಾರಿ ಹನಿ ಬಿಡಿ. ಕ್ರಾಯಿಲ್, ಪಿಬಿ ಬ್ಲಾಸ್ಟರ್‌ನಂಥ ತೂರುವುದಕ್ಕೆಂದೇ ಮಾಡಿದ ಎಣ್ಣೆಗಳು ಇದಕ್ಕೆ ಲೇಸು. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯೂಡಿ-40 ಹೆಸರೇ ಹೇಳುವಂತೆ ನೀರನ್ನು ಓಡಿಸಲು ಹುಟ್ಟಿದ್ದು, ಬೇರೆ ಇಲ್ಲದಿದ್ದರೆ ಅದೂ ಆದೀತು. ಒಂದು ರಾತ್ರಿಗೆ ಬರಲಿಲ್ಲವೆಂದು ಬೇಸರ ಪಡಬೇಡಿ, ಮೂರು ದಿನ ಬಿಡಿ. ಈ ನಡುವೆ ಹಿತ್ತಾಳೆಯ ಅಥವಾ ಮರದ ಸಣ್ಣ ಸುತ್ತಿಗೆಯಿಂದ ಬಳೆಯ ಸುತ್ತಲೂ, ಬಾಗಿಲು ತಟ್ಟಿದಷ್ಟೇ ಮೆಲ್ಲಗೆ ತಟ್ಟುತ್ತಿರಿ. ಆ ನಡುಕದಿಂದ ತುಕ್ಕಿನ ಪದರ ಬಿರಿದು ಎಣ್ಣೆಗೆ ದಾರಿಯಾಗುತ್ತದೆ. ಪೆಟ್ಟು ಬಳೆಯ ಪಕ್ಕಕ್ಕೆ ಬೀಳಬೇಕು, ಬಾಯಿಯ ಮುಖದ ಮೇಲೆ ಖಂಡಿತ ಬೀಳಬಾರದು.

ಮುಖದ ಮಾತು ಬಂದಾಗ ಒಂದು ವಿಷಯ. ನಳಿಗೆಯೊಳಗಿನ ಸುರುಳಿ ಗೆರೆಗಳು ಕೊನೆಯಾಗುವ ಆ ಅಂಚನ್ನು ಕೋವಿ ಕೆಲಸದವರು ಕ್ರೌನ್ ಎನ್ನುತ್ತಾರೆ. ಗುಂಡು ನಳಿಗೆಯನ್ನು ಬಿಡುವ ಗಳಿಗೆಯಲ್ಲಿ ಹಿಂದಿನ ಅನಿಲ ಅದರ ಸುತ್ತಲೂ ಒಂದೇ ಸಮನೆ ಹೊರಬೀಳಬೇಕು. ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದರೆ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿನ ಬಾಲವನ್ನು ಓರೆಯಾಗಿ ತಳ್ಳುತ್ತದೆ. ಬಳೆ ಥ್ರೆಡ್ಡನ್ನು ಮಾತ್ರವಲ್ಲ, ಈ ಅಂಚನ್ನೂ ಕಾಯುತ್ತದೆ. ಬಳೆ ತೆಗೆಯುವ ಭರದಲ್ಲಿ ಅಂಚನ್ನು ಕೆಡಿಸಿಕೊಂಡರೆ ಆ ರೈಫಲನ್ನು ಲೇತಿಗೆ ಕಟ್ಟದೆ ಬೇರೆ ದಾರಿಯಿಲ್ಲ.

ಮೂರು ದಿನದ ನಂತರ ತಿರುಗಿಸುವಾಗ ನಿಧಾನವಾಗಿ ಎಳೆಯುತ್ತಾ ಬಲ ಹೆಚ್ಚಿಸುವುದಕ್ಕಿಂತ ಸ್ಪ್ಯಾನರಿನ ತುದಿಗೆ ಅಂಗೈಯಿಂದ ಚುರುಕಾದ ಒಂದು ಏಟು ಕೊಡುವುದು ಮೇಲು. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೆ ತಳ್ಳಿ ನೋಡುವುದೂ ಹಳೆಯ ಮೆಕ್ಯಾನಿಕ್ಕುಗಳ ರೂಢಿ. ಯಾವ ಕಡೆಗಾದರೂ ಸರಿ, ಒಮ್ಮೆ ಹಿಡಿತ ಬಿಟ್ಟರೆ ಮುಂದಿನದು ಸುಲಭ. ಬಳೆ ಒಂದೆರಡು ಸುತ್ತು ಬಂದು ಮತ್ತೆ ಬಿಗಿಯಾದರೆ ಬಲವಂತ ಮಾಡದೆ ಅರ್ಧ ಸುತ್ತು ಹಿಂದಕ್ಕೆ ಹಾಕಿ, ಎಣ್ಣೆ ಬಿಟ್ಟು, ಮತ್ತೆ ಮುಂದಕ್ಕೆ ತನ್ನಿ. ಥ್ರೆಡ್ಡಿನ ಉದ್ದ ಸಾಮಾನ್ಯವಾಗಿ 10ರಿಂದ 15 ಮಿಲಿಮೀಟರ್, ಅಂದರೆ ಹತ್ತು ಹನ್ನೆರಡು ಸುತ್ತಿನ ಮೇಲಿದೆ. ಹಾದಿಯಲ್ಲಿ ಎಲ್ಲಿ ಬೇಕಾದರೂ ಕಿಟ್ಟ ಅಡ್ಡ ಬರಬಹುದು.

ಎಣ್ಣೆಗೆ ಬಗ್ಗದಿದ್ದರೆ ಅಂಟಿನ ಮೇಲೆ ಅನುಮಾನ ಪಡಬೇಕು. ಲಾಕ್‌ಟೈಟ್ ಜಾತಿಯ ಅಂಟು ಗಾಳಿಯಾಡದ ಸಂದಿನಲ್ಲಿ ಗಟ್ಟಿಯಾಗಿ ಇಡೀ ಜಾಗವನ್ನು ತುಂಬಿಬಿಡುವುದರಿಂದ ಎಣ್ಣೆಗೆ ಒಳಹೋಗಲು ಎಡೆಯೇ ಇರುವುದಿಲ್ಲ. ಅದಕ್ಕೆ ಬಿಸಿಯೇ ಬೇಕು: ಸುಮಾರು 250 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, ಬಿಸಿ ಇರುವಾಗಲೇ ತಿರುಗಿಸಬೇಕು. ಇಲ್ಲಿ ನಿಮ್ಮ ಮೊದಲ ಗೆಳೆಯ ಅರ್ಧ ಸರಿ. ಆ ಉಷ್ಣತೆಯಿಂದ ನಳಿಗೆಯ ಉಕ್ಕಿನ ಹದ ಕೆಡುವುದಿಲ್ಲ; ಅದನ್ನು ಹದಮಾಡುವಾಗಲೇ ಇದಕ್ಕಿಂತ ಬಹಳ ಹೆಚ್ಚು ಕಾಯಿಸಿರುತ್ತಾರೆ. ಆದರೆ ಟಾರ್ಚಿನ ಜ್ವಾಲೆ ಕಣ್ಣು ಮಿಟುಕಿಸುವಷ್ಟರಲ್ಲಿ 250ನ್ನು ದಾಟಿ ಎಲ್ಲಿಗೋ ಹೋಗುತ್ತದೆ, ಕಪ್ಪು ಬಣ್ಣವನ್ನೂ ಬಣ್ಣದ ಲೇಪವನ್ನೂ ಸುಟ್ಟುಬಿಡುತ್ತದೆ. ಹಳೆಯ ಪೇಂಟ್ ಸುಲಿಯಲು ಬಳಸುವ ಬಿಸಿಗಾಳಿಯ ಗನ್ ಸಾಕು. ಕಾಯಿಸುವ ಮೊದಲು ಎಣ್ಣೆಯ ಅಂಶವನ್ನೆಲ್ಲ ಒರೆಸಿ ಆರಿಸಿ, ಕಿಟಕಿ ತೆರೆದಿಡಿ. ತೂರುವ ಎಣ್ಣೆಗಳು ಬೆಂಕಿ ಹಿಡಿಯುವಂಥವು, ಅಂಟಿನ ಹೊಗೆಯೂ ಒಳ್ಳೆಯದಲ್ಲ. ಬಿಸಿ ಎಷ್ಟಾಯಿತೆಂದು ತಿಳಿಯಲು ರೇಡಿಯೋ ರಿಪೇರಿಯವರ ಬೆಸುಗೆ ತಂತಿಯನ್ನು ಬಳೆಗೆ ತಾಕಿಸಿ ನೋಡಿ: ಸೀಸ ತವರದ ಆ ತಂತಿ 183 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಅಲ್ಲಿಂದ ಇನ್ನು ಸ್ವಲ್ಪ ಹೊತ್ತು ಕಾಯಿಸಿದರೆ ನಮಗೆ ಬೇಕಾದ ಹಂತ. ಬಿಸಿಯನ್ನು ಬಳೆಗೆ ಬೇಗನೆ ಕೊಡಬೇಕು. ನಿಧಾನ ಮಾಡಿದರೆ ಒಳಗಿನ ನಳಿಗೆಯೂ ಕಾದು ಅಷ್ಟೇ ಹಿಗ್ಗುತ್ತದೆ. ಅರ್ಧ ಅಂಗುಲದ ಉಕ್ಕು 100 ಡಿಗ್ರಿ ಹೆಚ್ಚು ಕಾದಾಗ ಹಿಗ್ಗುವುದು ಮಿಲಿಮೀಟರಿನ ನೂರರಲ್ಲಿ ಒಂದೂವರೆ ಪಾಲು ಮಾತ್ರ. ಅಷ್ಟು ಕಿರಿದಾದ ಲಾಭವನ್ನು ತಡಮಾಡಿ ಕಳೆದುಕೊಳ್ಳಬಾರದು.

ರಾಕ್‌ಸೆಟ್ ಆಗಿದ್ದರೆ ಈ ಬಿಸಿಯೆಲ್ಲ ವ್ಯರ್ಥ, ಏಕೆಂದರೆ ಅದನ್ನು ಮಾಡಿರುವುದೇ ಸಾವಿರ ಡಿಗ್ರಿಯ ಹತ್ತಿರದ ಕಾವನ್ನು ತಾಳಲಿಕ್ಕೆ. ಅದರ ಶತ್ರು ನೀರು. ಬಳೆಯ ಭಾಗವನ್ನು ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿದರೆ ಅದು ಮೆತ್ತಗಾಗುತ್ತದೆ. ಆಮೇಲೆ ನಳಿಗೆಯ ಒಳಗೂ ಹೊರಗೂ ಚೆನ್ನಾಗಿ ಒರೆಸಿ ಎಣ್ಣೆ ಸವರಬೇಕು.

ಫ್ರೀಜರಿನ ಸಲಹೆಯನ್ನು ಮಾತ್ರ ಮರೆತುಬಿಡಿ. ಉಕ್ಕಿನ ಬಳೆಯೂ ಉಕ್ಕಿನ ನಳಿಗೆಯೂ ತಣ್ಣಗಾದರೆ ಎರಡೂ ಸಮವಾಗಿ ಕುಗ್ಗುತ್ತವೆ, ಸಡಿಲವಾಗುವುದು ಎಲ್ಲಿಂದ ಬಂತು? ಬಳೆ ಅಲ್ಯೂಮಿನಿಯಮ್ಮಿನದಾಗಿದ್ದರೆ ಇನ್ನೂ ಕೆಟ್ಟದು, ಅದು ಉಕ್ಕಿನ ಸುಮಾರು ಎರಡರಷ್ಟು ಕುಗ್ಗಿ ನಳಿಗೆಯನ್ನು ಮತ್ತಷ್ಟು ಬಿಗಿಯಾಗಿ ಹಿಡಿಯುತ್ತದೆ. ಹೊರತೆಗೆದ ಮೇಲೆ ತಣ್ಣನೆಯ ಲೋಹದ ಮೇಲೆ ಹನಿಗಟ್ಟುವ ನೀರು ಹೊಸ ತುಕ್ಕಿಗೆ ನಾಂದಿ. ಅಲ್ಯೂಮಿನಿಯಂ ಬಳೆಗಳನ್ನು ಯಾವಾಗಲೂ ಕಾಯಿಸಿಯೇ ತೆಗೆಯಬೇಕು. ಅಲ್ಲಿ ಹೆಚ್ಚು ಹಿಗ್ಗುವ ಗುಣ ನಮ್ಮ ಪರವಾಗಿರುತ್ತದೆ.

ಯಾವುದಕ್ಕೂ ಬಗ್ಗದಿದ್ದರೆ ಬಳೆಯನ್ನು ಸೀಳಬೇಕು. ಇದನ್ನು ಕೋವಿ ರಿಪೇರಿಯವರ ಕೈಗೆ ಕೊಡುವುದೇ ಉತ್ತಮ ಎಂಬುದು ನನ್ನ ಅಭಿಪ್ರಾಯ, ಆದರೂ ಕೆಲಸ ನಡೆಯುವ ಬಗೆಯನ್ನು ತಿಳಿದಿರಿ. ನಳಿಗೆಯ ಬಾಯಿಗೆ ಗ್ರೀಸ್ ಸವರಿದ ಬಿರಡೆ ಹಾಕಿ ಲೋಹದ ಪುಡಿ ಒಳಹೋಗದಂತೆ ಮಾಡಿ, ಬಳೆಯ ಹಿಂದಿನ ನಳಿಗೆಗೆ ಟೇಪ್ ಸುತ್ತಿ, ಬಳೆಯ ಉದ್ದಕ್ಕೆ ಎದುರುಬದುರಾಗಿ ಎರಡು ಸೀಳುಗಳನ್ನು ಸಣ್ಣ ಗರಗಸದಿಂದಲೋ ಚಿಕ್ಕ ಕತ್ತರಿಸುವ ಚಕ್ರದಿಂದಲೋ ಮಾಡುತ್ತಾರೆ. ಸೀಳು ಪೂರ್ತಿ ಒಳಗಿಳಿಯಬಾರದು. ಅಂಗುಲಕ್ಕೆ 28 ಸುತ್ತಿನ ಥ್ರೆಡ್ಡಿನ ಆಳ ಅರ್ಧ ಮಿಲಿಮೀಟರಿಗೆ ಹತ್ತಿರ. ಸೀಳಿನ ತಳದಲ್ಲಿ ಥ್ರೆಡ್ಡಿನ ತುದಿಗಳು ಸಾಲು ಚುಕ್ಕಿಗಳಂತೆ ಕಾಣಲಾರಂಭಿಸಿದ ಕೂಡಲೇ ಕೈ ನಿಲ್ಲಿಸಬೇಕು. ಆಮೇಲೆ ಅಗಲ ಬಾಯಿಯ ತಿರುಪುಳಿಯನ್ನು ಸೀಳಿನಲ್ಲಿಟ್ಟು ತಿರುವಿದರೆ ಉಳಿದ ತೆಳು ಪದರ ಬಿರಿದು ಬಳೆ ಬಾಯಿಬಿಡುತ್ತದೆ, ಕೈಯಲ್ಲೇ ಸುತ್ತಿ ತೆಗೆಯಬಹುದು. ತುದಿಯನ್ನೇ ಒಂದು ಅಂಗುಲ ಕತ್ತರಿಸಿ ಹೊಸ ಅಂಚು ಮಾಡಿಸುವುದು ಕೊನೆಯ ದಾರಿ. ಅಮೆರಿಕದಲ್ಲಿ ರೈಫಲಿನ ನಳಿಗೆ 16 ಅಂಗುಲಕ್ಕಿಂತ ಗಿಡ್ಡವಾದರೆ ಅದು 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಕಾಯ್ದೆಯ ಬೇರೆಯೇ ವರ್ಗಕ್ಕೆ ಸೇರುತ್ತದೆ, ಆದ್ದರಿಂದ ಅಳೆಯದೆ ಆ ಮಾತೆತ್ತಬೇಡಿ.

ಬಳೆ ಬಂದ ಮೇಲೆ ಥ್ರೆಡ್ಡನ್ನು ನೈಲಾನ್ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಬಾಯಿಯ ಒಳಅಂಚಿನ ಸುತ್ತ ಆಡಿಸಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲೊಂದು ಮುಳ್ಳೆದ್ದಿದೆ ಎಂದರ್ಥ. ಹೊಸ ಬಳೆಯನ್ನು ಹಾಕುವಾಗ ಥ್ರೆಡ್ಡಿಗೆ ತೆಳುವಾಗಿ ಗ್ರೀಸ್ ಸವರಿ ಕೈಬಿಗಿಗೆ ಮಾತ್ರ ತಿರುಗಿಸಿ. ಸಡಿಲವಾಗುವ ಭಯವಿದ್ದರೆ ಹಿಂದೆ ಒಂದು ಸಣ್ಣ ರಬ್ಬರ್ ರಿಂಗ್ ಹಾಕಿ, ಅಂಟು ಬೇಡ. ಪ್ರತಿ ಬಾರಿ ರೈಫಲ್ ಒರೆಸುವಾಗಲೂ ಒಮ್ಮೆ ಬಿಚ್ಚಿ ಹಾಕಿ. ಗುಂಡು ಹಾರಿಸುವ ಮೊದಲು ಒಣ ಬಟ್ಟೆಯ ತುಂಡನ್ನು ನಳಿಗೆಯ ಮೂಲಕ ಹಾಯಿಸಿ, ಎಣ್ಣೆಯಾಗಲಿ ಬಿರಡೆಯ ಚೂರಾಗಲಿ ಉಳಿದಿಲ್ಲವೆಂದು ಬೆಳಕಿಗೆ ಹಿಡಿದು ಖಚಿತಪಡಿಸಿಕೊಳ್ಳಿ. ಅರ್ಧ ಬಿಚ್ಚಿದ ಬಳೆಯೊಂದಿಗೆ ಒಂದೇ ಒಂದು ಗುಂಡನ್ನೂ ಹಾರಿಸಬೇಡಿ.

ಪ್ರಶ್ನೆ: ನ್ಯೂಯಾರ್ಕ್ ರಾಜ್ಯದಲ್ಲಿರುವ ನನ್ನ ಅರೆ ಸ್ವಯಂಚಾಲಿತ ರೈಫಲಿನಲ್ಲೂ ಇಂಥದೇ ಬಳೆಯಿದೆ. ಅದರ ಕೆಳಭಾಗದಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ, ಸುತ್ತಲಿನ ಲೋಹಕ್ಕಿಂತ ತುಸು ಬೇರೆ ಬಣ್ಣದ ಒಂದು ಚುಕ್ಕೆ ಕಾಣುತ್ತದೆ. ಎಷ್ಟು ಎಣ್ಣೆ ಬಿಟ್ಟರೂ ಬಳೆ ಸುತ್ತುತ್ತಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ನ್ಯೂಯಾರ್ಕ್ ರಾಜ್ಯ

ಉತ್ತರ: ಏನೂ ಮಾಡಬೇಡಿ. ಆ ಚುಕ್ಕೆ ಬಹುತೇಕ ವೆಲ್ಡಿಂಗ್. ಬಳೆಗೆ ಸಣ್ಣ ತೂತು ಕೊರೆದು, ಒಳಗೆ ಪಿನ್ ಇಳಿಸಿ, ಮೇಲೆ ವೆಲ್ಡ್ ಮಾಡಿ ಅರೆದು ನುಣುಪುಗೊಳಿಸಿದರೆ ಹೀಗೇ ಕಾಣುತ್ತದೆ. ಅದು ಸಿಕ್ಕಿಕೊಂಡ ಬಳೆಯಲ್ಲ, ಬಿಚ್ಚಬಾರದೆಂದೇ ಕೂರಿಸಿದ ಬಳೆ. ಅಮೆರಿಕದಲ್ಲಿ 1994ರಿಂದ 2004ರವರೆಗೆ ಜಾರಿಯಲ್ಲಿದ್ದ ಕೇಂದ್ರ ಕಾಯ್ದೆ ಅರೆ ಸ್ವಯಂಚಾಲಿತ ರೈಫಲುಗಳ ಥ್ರೆಡ್ ಇರುವ ನಳಿಗೆಯನ್ನು ನಿರ್ಬಂಧಿತ ಲಕ್ಷಣಗಳಲ್ಲಿ ಒಂದೆಂದು ಎಣಿಸಿತ್ತು. ಅದು ಮುಗಿದ ಮೇಲೂ ಕೆಲವು ರಾಜ್ಯಗಳು ಅಂಥ ನಿಯಮವನ್ನು ಉಳಿಸಿಕೊಂಡಿವೆ; ನಿಮ್ಮ ರಾಜ್ಯ 2013ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಿ, ಬಿಚ್ಚಬಹುದಾದ ಮ್ಯಾಗಜೀನ್ ಇರುವ ಅರೆ ಸ್ವಯಂಚಾಲಿತ ರೈಫಲಿಗೆ ಅಂಥ ಒಂದೇ ಲಕ್ಷಣ ಸಾಕೆಂದಿತು. ಹಾಗಾಗಿ ಅಲ್ಲಿ ಥ್ರೆಡ್ಡನ್ನು ಮುಚ್ಚಿ ಶಾಶ್ವತವಾಗಿ ಬೆಸೆಯುವುದುಂಟು. ಅದನ್ನು ಕೊರೆದು ತೆಗೆದ ಕ್ಷಣವೇ ನಿಮ್ಮ ಕೈಯಲ್ಲಿರುವುದು ಕಾನೂನಿನ ಕಣ್ಣಿಗೆ ಬೇರೆಯೇ ಬಂದೂಕು. ಇನ್ನೊಂದು ಸಾಧ್ಯತೆಯೂ ಇದೆ: ನಳಿಗೆ ಮೂಲತಃ 16 ಅಂಗುಲಕ್ಕಿಂತ ಗಿಡ್ಡವಿದ್ದು, ಬೆಸೆದ ತುದಿಯನ್ನೂ ಸೇರಿಸಿ ಆ ಅಳತೆ ಮುಟ್ಟಿಸಿರಬಹುದು. ಪರವಾನಗಿಯಿರುವ ಕೋವಿ ರಿಪೇರಿಯವರಿಗೆ ತೋರಿಸಿ, ನಿಮ್ಮ ರಾಜ್ಯದ ವಕೀಲರನ್ನು ಕೇಳಿದ ನಂತರವೇ ಮುಂದಿನ ಯೋಚನೆ. ಒಹಾಯೊದ ಓದುಗರ ಬೋಲ್ಟ್ ಆ್ಯಕ್ಷನ್ ರೈಫಲಿಗೆ ಈ ಥ್ರೆಡ್ ನಿಯಮ ಅನ್ವಯಿಸುವುದಿಲ್ಲ.

ಪ್ರಶ್ನೆ: ನಮ್ಮ ಮನೆಯ 12 ಬೋರಿನ ಕೋವಿಯ ಬಾಯಿಯೊಳಗೆ ತಿರುಗಿಸಿ ಹಾಕುವ ಚೋಕ್ ಟ್ಯೂಬ್ (ಚರೆಗಳು ಹರಡುವುದನ್ನು ಹಿಡಿತದಲ್ಲಿಡುವ ಕೊಳವೆ) ಇದೆ. ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ಹತ್ತಿರ ಬಂತೆಂದು ಒರೆಸಲು ತೆಗೆದಾಗ ಅದು ಬಿಚ್ಚಲಿಲ್ಲ. ಮಳೆಗಾಲ ಪೂರ್ತಿ ಬಟ್ಟೆಯ ಚೀಲದಲ್ಲಿಟ್ಟಿದ್ದೆವು. ಕೊಟ್ಟಿರುವ ಕೀಲಿ ಜಾರುತ್ತಿದೆ.
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ನಿಮ್ಮದು ಮೇಲಿನ ಸಮಸ್ಯೆಯ ತಿರುಗುಮುರುಗು. ಅಲ್ಲಿ ಬಳೆ ನಳಿಗೆಯ ಹೊರಗೆ, ಇಲ್ಲಿ ನಳಿಗೆಯ ಒಳಗೆ. ಆದ್ದರಿಂದ ಕಾಯಿಸುವ ತರ್ಕವೂ ತಲೆಕೆಳಗಾಗುತ್ತದೆ: ಒಳಗಿನ ಟ್ಯೂಬ್ ಕಾದರೆ ಹಿಗ್ಗಿ ಇನ್ನೂ ಬಿಗಿಯಾಗುತ್ತದೆ. ಕೋವಿ ಜೋಡಿ ನಳಿಗೆಯದಾಗಿದ್ದರೆ ಬೆಂಕಿಯ ಹೆಸರನ್ನೇ ಎತ್ತಬೇಡಿ. ಎರಡು ನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ಹಲವು ಕೋವಿಗಳಲ್ಲಿ ತವರದ ಬೆಸುಗೆಯಿಂದ ಸೇರಿಸಿರುತ್ತಾರೆ, ಅದು 200 ಡಿಗ್ರಿಯ ಆಸುಪಾಸಿನಲ್ಲೇ ಸಡಿಲವಾಗುತ್ತದೆ.

ನಿಮ್ಮ ಟ್ಯೂಬನ್ನು ಹಿಡಿದಿರುವುದು ತುಕ್ಕಿನ ಜೊತೆಗೆ ತೋಟಾದ ಪ್ಲಾಸ್ಟಿಕ್ ಬಟ್ಟಲಿನ ಕರಗಿದ ಪದರವೂ ಇರಬಹುದು. ಬಂದೂಕು ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ನಳಿಗೆಯನ್ನು ಬಿಚ್ಚಿ, ಬಾಯಿ ಕೆಳಗಾಗಿ ತೂರುವ ಎಣ್ಣೆಯ ಬಟ್ಟಲಲ್ಲಿ ಎರಡು ಮೂರು ದಿನ ನಿಲ್ಲಿಸಿ. ಕೀಲಿ ಜಾರುವುದು ಸಾಮಾನ್ಯವಾಗಿ ಟ್ಯೂಬಿನ ತುದಿಯ ಕಚ್ಚುಗಳಲ್ಲಿ ಕಿಟ್ಟ ತುಂಬಿಕೊಂಡಿರುವುದರಿಂದ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅವನ್ನು ಪೂರ್ತಿ ಖಾಲಿ ಮಾಡಿದರೆ ಕೀಲಿ ತಳದವರೆಗೆ ಕೂರುತ್ತದೆ. ಕೀಲಿಯನ್ನು ಒಂದು ಕೈಯಿಂದ ಒಳಕ್ಕೆ ಒತ್ತಿಹಿಡಿದು ಇನ್ನೊಂದು ಕೈಯಿಂದ ತಿರುಗಿಸಬೇಕು. ಉಳಿಯಿಟ್ಟು ಹೊಡೆಯಬೇಡಿ: ಅಲ್ಲಿ ನಳಿಗೆಯ ಗೋಡೆ ತುಂಬ ತೆಳುವಾಗಿದ್ದು ಸುಲಭವಾಗಿ ಉಬ್ಬುತ್ತದೆ.

ಇಷ್ಟಕ್ಕೂ ಬರದಿದ್ದರೆ ಪರವಾನಗಿಯಿರುವ ರಿಪೇರಿಯವರಲ್ಲಿಗೆ ಒಯ್ಯಿರಿ. ಕೊಡಗಿನವರಿಗೆ ಜಮ್ಮಾ ಹಿಡುವಳಿಯ (ವಂಶಪಾರಂಪರ್ಯವಾಗಿ ಬಂದ ಭೂಮಿ) ಮತ್ತು ಕೊಡವ ಜನಾಂಗದ ಆಧಾರದ ಮೇಲೆ ಇರುವ ಕೋವಿ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿದ್ದು ನಿಜ, ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಬಂದೂಕು ರಿಪೇರಿಯ ವೃತ್ತಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನಂತೆ ಬೇರೆಯೇ ಪರವಾನಗಿ ಬೇಕು. ನಳಿಗೆಯನ್ನು ಗಿಡ್ಡಗೊಳಿಸುವುದಕ್ಕೆ 6ನೆಯ ಕಲಮು ಅಡ್ಡ ಬರುತ್ತದೆ. ಆದ್ದರಿಂದ ಪೇಟೆಯ ಲೇತಿನವರ ಹತ್ತಿರ ತುದಿ ಕತ್ತರಿಸಿಕೊಂಡು ಬರುವ ಆಲೋಚನೆ ಬೇಡ. ಟ್ಯೂಬ್ ಬಂದ ಮೇಲೆ ಅದಿಲ್ಲದೆ ತೆಂಗಿನಕಾಯಿಗೆ ಗುರಿ ಇಡಲು ಹೋಗಬೇಡಿ, ಒಳಗಿನ ಥ್ರೆಡ್ ಒಂದೇ ಈಡಿಗೆ ಕೆಡಬಹುದು. ಬಟ್ಟೆಯ ಚೀಲ ಮಳೆಗಾಲದಲ್ಲಿ ತೇವವನ್ನು ಹಿಡಿದಿಡುತ್ತದೆ. ಚೀಲದಿಂದ ಹೊರತೆಗೆದು, ಎಣ್ಣೆ ಸವರಿ, ಬೀಗ ಹಾಕಿದ ಬೀರುವಿನಲ್ಲಿ ಗಾಳಿಯಾಡುವಂತೆ ನಿಲ್ಲಿಸಿಡಿ.

ಪ್ರಶ್ನೆ: ಥ್ರೆಡ್ ಕಚ್ಚದಿರಲು ಗ್ರೀಸಿನ ಬದಲು ಕೊಬ್ಬರಿ ಎಣ್ಣೆ ಹಾಕಬಹುದೇ? ನಮ್ಮ ಅಜ್ಜ ಹಾಗೇ ಮಾಡುತ್ತಿದ್ದರು.
— ಓದುಗರೊಬ್ಬರು, ಶಿರಸಿ

ಉತ್ತರ: ಅಜ್ಜ ವಾರಕ್ಕೊಮ್ಮೆ ಒರೆಸಿ ಹೊಸದಾಗಿ ಸವರುತ್ತಿದ್ದಿರಬೇಕು, ಹಾಗಿದ್ದರೆ ನಡೆಯುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಹಾರಿಸಿದ ಕೋವಿಯ ಕಾವಿಗೆ ನೀರಾಗಿ ಹರಿದುಹೋಗುತ್ತದೆ. ತಿಂಗಳುಗಟ್ಟಲೆ ಥ್ರೆಡ್ಡಿನಲ್ಲಿ ನಿಂತು ಲೋಹಗಳನ್ನು ಬೇರೆಯಾಗಿಡುವ ಶಕ್ತಿ ಅದಕ್ಕಿಲ್ಲ. ತಾಮ್ರದ ಅಥವಾ ನಿಕ್ಕಲ್ಲಿನ ಪುಡಿ ಬೆರೆಸಿದ ಆ್ಯಂಟಿ ಸೀಜ್ ಗ್ರೀಸ್ ವಾಹನದ ಬಿಡಿಭಾಗಗಳ ಅಂಗಡಿಯಲ್ಲಿ ಚಿಕ್ಕ ಟ್ಯೂಬಿನಲ್ಲಿ ಸಿಗುತ್ತದೆ. ಒಂದು ಬಳೆಗೆ ಕಡಲೆಕಾಳಿನ ಅರ್ಧದಷ್ಟು ಸಾಕು. ಹೆಚ್ಚಾದದ್ದು ಬಾಯಿಯ ಕಡೆ ಉಕ್ಕಿ ಬಂದರೆ ಬಟ್ಟೆಯಿಂದ ಒರೆಸಿಬಿಡಿ.